ಡಂಪ್‌ಸ್ಟರ್ ಬಾಡಿಗೆಗೆ ತರಿಸುವ ಮೊದಲು ಮಾಡಬೇಕಾದ ಎರಡು ಲೆಕ್ಕಗಳು

ಮನೆಯ ದುರಸ್ತಿಗೆ ಕೈಹಾಕುವವರು ಹೊಸದಾಗಿ ಬರಬೇಕಾದ ಟೈಲ್ಸ್, ಕಪಾಟು, ನಲ್ಲಿ, ಬಣ್ಣಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಒಡೆದು ಕಿತ್ತುಹಾಕಿದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಕೆಲಸ ಆರಂಭವಾಗುವ ಹಿಂದಿನ ದಿನದವರೆಗೂ ಹಾಗೆಯೇ ಉಳಿದಿರುತ್ತದೆ. ಆಗ ಡಂಪ್‌ಸ್ಟರ್ (ಕಸ ತುಂಬಲು ಮನೆಯ ಮುಂದೆ ತಂದಿಳಿಸಿ, ತುಂಬಿದ ಮೇಲೆ ಲಾರಿಯಲ್ಲಿ ಒಯ್ಯುವ ದೊಡ್ಡ ಲೋಹದ ತೊಟ್ಟಿ) ಬಾಡಿಗೆಗೆ ಕೊಡುವವರಿಗೆ ಫೋನ್ ಮಾಡಿದರೆ ಅವರು ಕೇಳುವ ಮೊದಲ ಮಾತು ‘ಎಷ್ಟು ಗಜದ್ದು ಬೇಕು?’ ಎಂಬುದು. ಉತ್ತರ ತಿಳಿಯದವರು ‘ಬಚ್ಚಲುಮನೆಯ ಕೆಲಸಕ್ಕೆ ಸಾಮಾನ್ಯವಾಗಿ ಯಾವುದನ್ನು ಕಳಿಸುತ್ತೀರೋ ಅದನ್ನೇ ಕಳಿಸಿ’ ಎಂದುಬಿಡುತ್ತಾರೆ. ಕೆಲಸದ ಹೆಸರು ನೋಡಿ ಗಾತ್ರ ಹೇಳುವ ಪಟ್ಟಿಗಳು ಎಲ್ಲ ಕಡೆಯೂ ಸಿಗುತ್ತವೆ, ಅವು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಒಂದು ಬಚ್ಚಲುಮನೆಯ ಗೋಡೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿರಬಹುದು, ಇನ್ನೊಂದರಲ್ಲಿ ಎರಡು ಅಂಗುಲ ದಪ್ಪದ ಗಾರೆಯ ಮೇಲೆ ಟೈಲ್ಸ್ ಕೂರಿಸಿರಬಹುದು. ಎರಡೂ ಬಚ್ಚಲುಮನೆಯ ಕೆಲಸಗಳೇ, ಆದರೆ ಹೊರಬರುವ ಕಸದ ತೂಕದಲ್ಲಿ ಅಜಗಜಾಂತರ.

ಡಂಪ್‌ಸ್ಟರ್‌ನ ಗಾತ್ರವನ್ನು ಹೊರಹೋಗುವ ವಸ್ತುವನ್ನು ನೋಡಿ ಆರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಎರಡು ಲೆಕ್ಕಗಳು ಬೇಕು: ಒಂದು ಜಾಗದ್ದು, ಇನ್ನೊಂದು ತೂಕದ್ದು. ಈ ಎರಡರಲ್ಲಿ ಯಾವುದು ಮೊದಲು ಮಿತಿಯನ್ನು ಮುಟ್ಟುತ್ತದೆಯೋ ಅದರ ಪ್ರಕಾರ ತೀರ್ಮಾನವಾಗಬೇಕು. ಅಳತೆಯ ಟೇಪು, ಒಂದು ಹಾಳೆ ಕಾಗದ, ಒಂದು ಸಂಜೆಯ ಬಿಡುವು ಇದ್ದರೆ ಯಾರು ಬೇಕಾದರೂ ಈ ಲೆಕ್ಕ ಹಾಕಬಹುದು.

ಮೊದಲು ಅಳತೆಯ ಮಾತು. ಒಂದು ಘನ ಗಜ ಎಂದರೆ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ ಜಾಗ. ಅಂದರೆ 27 ಘನ ಅಡಿ, ಸುಮಾರು 0.76 ಘನ ಮೀಟರ್. ಅಮೆರಿಕದಲ್ಲಿ ಮನೆಗಳ ದುರಸ್ತಿಗೆ ಬಾಡಿಗೆಗೆ ಬರುವ ಡಂಪ್‌ಸ್ಟರ್‌ಗಳು ಹೆಚ್ಚಾಗಿ 10, 15, 20, 30 ಮತ್ತು 40 ಘನ ಗಜದವು. ಬ್ರಿಟನ್ನಿನಲ್ಲಿ ಇದೇ ಕೆಲಸಕ್ಕೆ ಬಳಸುವ ಸ್ಕಿಪ್‌ಗಳು ಇವುಗಳಿಗಿಂತ ಚಿಕ್ಕವು. ಅಲ್ಲಿ 4, 6, 8 ಘನ ಗಜದವನ್ನು ಕೇಳುವವರು ಹೆಚ್ಚು. ಆಸ್ಟ್ರೇಲಿಯಾದಲ್ಲಿ ಅಳತೆಯನ್ನು ಘನ ಮೀಟರ್‌ಗಳಲ್ಲಿ ಹೇಳುತ್ತಾರೆ. ಎಲ್ಲಿಯೇ ಆಗಲಿ, ಹೇಳಿದ ಅಂಕಿಯನ್ನು ಘನ ಅಡಿಗೋ ಘನ ಮೀಟರ್‌ಗೋ ಬದಲಾಯಿಸಿ ಬರೆದುಕೊಂಡರೆ ಮುಂದಿನ ಲೆಕ್ಕ ಸುಲಭವಾಗುತ್ತದೆ: 10 ಗಜದ್ದರಲ್ಲಿ 270 ಘನ ಅಡಿ, 20 ಗಜದ್ದರಲ್ಲಿ 540, 30 ಗಜದ್ದರಲ್ಲಿ 810. ಸಾಮಾನ್ಯ ಪಿಕಪ್ ವಾಹನದ ಹಿಂಬದಿಯನ್ನು ಅಂಚಿನ ಮಟ್ಟಕ್ಕೆ ತುಂಬಿದರೆ ಸುಮಾರು ಎರಡು ಘನ ಗಜ ಹಿಡಿಯುತ್ತದೆಯಾದ್ದರಿಂದ, 10 ಗಜದ ಡಂಪ್‌ಸ್ಟರ್ ಎಂದರೆ ನಾಲ್ಕೈದು ಪಿಕಪ್‌ಗಳಷ್ಟು ಸಾಮಾನು ಎಂದು ಅಂದಾಜು ಮಾಡಬಹುದು.

ಜಾಗದ ಲೆಕ್ಕದಲ್ಲಿ ಕಣ್ಣಳತೆ ನಮ್ಮನ್ನು ಎರಡು ಕಡೆ ದಾರಿ ತಪ್ಪಿಸುತ್ತದೆ. ಗೋಡೆಯಾಗಿಯೋ ನೆಲವಾಗಿಯೋ ಗಟ್ಟಿಯಾಗಿ ನಿಂತಿದ್ದ ವಸ್ತು ಒಡೆದ ಮೇಲೆ ತನ್ನ ಮೊದಲಿನ ಜಾಗದಲ್ಲಿ ಹಿಡಿಯುವುದಿಲ್ಲ, ಏಕೆಂದರೆ ಚೂರುಗಳ ನಡುವೆ ಗಾಳಿ ಸೇರಿಕೊಳ್ಳುತ್ತದೆ. ಅಗೆದು ತೆಗೆದ ಮಣ್ಣು ನೆಲದಲ್ಲಿದ್ದುದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ಜಾಗ ಬೇಡುತ್ತದೆ. ಒಡೆದ ಇಟ್ಟಿಗೆ ಮತ್ತು ಕಾಂಕ್ರೀಟಿಗೆ ಸುಮಾರು ಒಂದೂವರೆ ಪಟ್ಟು ಜಾಗ ಬೇಕು. ಇದಕ್ಕೆ ವಿರುದ್ಧವಾದುದು ಪೊಳ್ಳು ಸಾಮಾನುಗಳ ವಿಷಯ. ಅಡುಗೆಮನೆಯ ಕೆಳಗಿನ ಕಪಾಟುಗಳ ಸಾಲು 10 ಅಡಿ ಉದ್ದ, 2 ಅಡಿ ಆಳ, 3 ಅಡಿ ಎತ್ತರ ಇದೆ ಎಂದಿಟ್ಟುಕೊಳ್ಳೋಣ. ಅದು 60 ಘನ ಅಡಿ ಆಯಿತು. ಮೇಲಿನ ಸಾಲು 10 ಅಡಿ ಉದ್ದ, 1 ಅಡಿ ಆಳ, ಎರಡೂವರೆ ಅಡಿ ಎತ್ತರ ಎಂದರೆ ಇನ್ನೊಂದು 25. ಒಟ್ಟು 85 ಘನ ಅಡಿ, ಮೂರು ಘನ ಗಜಕ್ಕಿಂತ ಸ್ವಲ್ಪ ಹೆಚ್ಚೇ. ಅವುಗಳನ್ನು ಹಾಗೆಯೇ ಎತ್ತಿಹಾಕಿದರೆ 10 ಗಜದ ಡಂಪ್‌ಸ್ಟರ್‌ನ ಮೂರನೆಯ ಒಂದು ಭಾಗ ಬರಿಯ ಗಾಳಿಯಿಂದ ತುಂಬಿಹೋಗುತ್ತದೆ. ಸ್ಕ್ರೂ ಬಿಚ್ಚಿ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಷ್ಟೂ ಮರ ಒಂದು ಘನ ಗಜದೊಳಗೆ ಕೂರುತ್ತದೆ. ಆದ್ದರಿಂದ ಕಸವನ್ನು ಎಷ್ಟರ ಮಟ್ಟಿಗೆ ಬಿಡಿಸಿ ಹಾಕಲು ನಮಗೆ ಸಮಯವೂ ಕೈಗಳೂ ಇವೆ ಎಂಬುದನ್ನು ಗಾತ್ರ ನಿರ್ಧರಿಸುವ ಮೊದಲೇ ನಿರ್ಧರಿಸಿಕೊಳ್ಳಬೇಕು. ಕೋಣೆಯಿಂದ ಕೋಣೆಗೆ ಹೋಗಿ ಪ್ರತಿಯೊಂದು ವಸ್ತುವಿನ ಉದ್ದ, ಅಗಲ, ಎತ್ತರ ಬರೆದು, ಗುಣಿಸಿ, ಕೂಡಿಸಿ, ಕೊನೆಗೆ ಬಂದ ಮೊತ್ತಕ್ಕೆ ಅದರ ನಾಲ್ಕನೆಯ ಒಂದು ಭಾಗವನ್ನು ಸೇರಿಸಿಕೊಳ್ಳುವುದು ನನ್ನ ರೂಢಿ. ಎಷ್ಟೇ ಅಚ್ಚುಕಟ್ಟಾಗಿ ಪೇರಿಸಿದರೂ ಸಂದುಗಳು ಉಳಿದೇ ಉಳಿಯುತ್ತವೆ.

ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಡಂಪ್‌ಸ್ಟರ್‌ನ ಅಳತೆ ಅದರ ಅಂಚಿನ ಮಟ್ಟದವರೆಗಿನದು. ರಸ್ತೆಯಲ್ಲಿ ಸಾಗಿಸುವಾಗ ಮೇಲೆ ಟಾರ್ಪಾಲಿನ್ ಎಳೆದು ಕಟ್ಟಬೇಕಾದ್ದರಿಂದ ರಾಶಿ ಅಂಚನ್ನು ಮೀರಿ ನಿಂತಿದ್ದರೆ ಚಾಲಕರು ಅದನ್ನು ಎತ್ತಲು ಒಪ್ಪುವುದಿಲ್ಲ. ‘ಮೇಲೆ ಸ್ವಲ್ಪ ಗೋಪುರದಂತೆ ಪೇರಿಸೋಣ’ ಎಂಬ ಆಸೆಯನ್ನು ಲೆಕ್ಕದೊಳಗೆ ಸೇರಿಸಲೇಬಾರದು.

ಇನ್ನು ತೂಕ. ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಗಾತ್ರವನ್ನು ಆರಿಸುವವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ಹಾಕುವುದೇ ಇಲ್ಲ. ಬಾಡಿಗೆಯ ಒಪ್ಪಂದದಲ್ಲಿ ಸಾಮಾನ್ಯವಾಗಿ ಇಂತಿಷ್ಟು ಟನ್ ತೂಕ ಸೇರಿರುತ್ತದೆ. ತುಂಬಿದ ಡಂಪ್‌ಸ್ಟರನ್ನು ವಿಲೇವಾರಿ ಕೇಂದ್ರದ ವೇಬ್ರಿಡ್ಜ್ ಮೇಲೆ ತೂಗಿ, ಮೀರಿದ ಪ್ರತಿ ಟನ್‌ಗೆ ಬೇರೆ ಹಣ ಹಾಕುತ್ತಾರೆ. ಇದು ಹಣದ ಮಿತಿ. ಅದಕ್ಕಿಂತ ಮೇಲೆ ಇನ್ನೊಂದು ಮಿತಿ ಇದೆ, ಅದು ಯಂತ್ರದ್ದು ಮತ್ತು ಕಾನೂನಿನದ್ದು: ಲಾರಿಯ ಕೊಕ್ಕೆ ಅಥವಾ ಉಕ್ಕಿನ ಹಗ್ಗ ಎಳೆಯಬಲ್ಲಷ್ಟು, ರಸ್ತೆಯ ನಿಯಮ ಒಪ್ಪುವಷ್ಟು ಮಾತ್ರ ಲಾರಿ ಹೊರಬಹುದು. ಉದಾಹರಣೆಗೆ ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ವಿಶೇಷ ಅನುಮತಿ ಇಲ್ಲದ ವಾಹನದ ಒಟ್ಟು ತೂಕ 80,000 ಪೌಂಡ್, ಅಂದರೆ ಸುಮಾರು 36 ಮೆಟ್ರಿಕ್ ಟನ್ ದಾಟುವಂತಿಲ್ಲ. ಈ ಅಂಕಿಯಲ್ಲಿ ಲಾರಿಯ ತೂಕವೂ ಖಾಲಿ ಡಂಪ್‌ಸ್ಟರ್‌ನ ತೂಕವೂ ಸೇರಿರುತ್ತವೆ; ಅಚ್ಚುಗಳು (ಆಕ್ಸಲ್) ಕಡಿಮೆ ಇರುವ ಲಾರಿಗೆ ಮಿತಿ ಇನ್ನೂ ಕಡಿಮೆ. ಮೊದಲ ಮಿತಿ ಮೀರಿದರೆ ಬಿಲ್ಲು ಏರುತ್ತದೆ. ಎರಡನೆಯದು ಮೀರಿದರೆ ತುಂಬಿದ್ದನ್ನು ಕೈಯಾರೆ ಹೊರತೆಗೆಯುವವರೆಗೂ ಡಂಪ್‌ಸ್ಟರ್ ನಿಂತ ಜಾಗದಿಂದ ಕದಲುವುದಿಲ್ಲ.

ಒಂದು ಇಟ್ಟಿಗೆ ಗೋಡೆಯನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಎರಡು ಕೋಣೆಗಳನ್ನು ಒಂದು ಮಾಡುವುದಕ್ಕಾಗಿ 15 ಅಡಿ ಉದ್ದ, 10 ಅಡಿ ಎತ್ತರ, 9 ಅಂಗುಲ ದಪ್ಪದ ಗೋಡೆಯನ್ನು ಕೆಡವಬೇಕಾಗಿದೆ. ನಿಂತಾಗ ಅದರ ಅಳತೆ 112.5 ಘನ ಅಡಿ, ಸುಮಾರು 3.2 ಘನ ಮೀಟರ್. ಒಡೆದ ಮೇಲೆ ಒಂದೂವರೆ ಪಟ್ಟು ಎಂದರೆ ಸುಮಾರು 169 ಘನ ಅಡಿ, ಅಂದರೆ ಆರೂಕಾಲು ಘನ ಗಜ. ಜಾಗದ ಲೆಕ್ಕ ಮಾತ್ರ ನೋಡಿದವರು ‘10 ಗಜದ್ದರಲ್ಲಿ ಇನ್ನೂ ಮೂರು ಗಜಕ್ಕಿಂತ ಹೆಚ್ಚು ಉಳಿಯುತ್ತದೆ, ಹಳೆಯ ನೆಲದ ಟೈಲ್ಸನ್ನೂ ಹಾಕಬಹುದು’ ಎಂದುಕೊಳ್ಳುತ್ತಾರೆ. ಆದರೆ ಇಟ್ಟಿಗೆಯ ಗೋಡೆ ಘನ ಮೀಟರಿಗೆ ಸುಮಾರು 1,900 ಕಿಲೋ ತೂಗುತ್ತದೆ. ಈ ಗೋಡೆಯೊಂದೇ ಆರು ಟನ್. ಸಾಧಾರಣ ಒಪ್ಪಂದದಲ್ಲಿ 10 ಗಜದ ಡಂಪ್‌ಸ್ಟರಿಗೆ ಸೇರಿರುವ ತೂಕ ಎರಡು ಟನ್ ಆಸುಪಾಸಿನದು. ಅಂದರೆ ಅರ್ಧ ತುಂಬುವ ಮೊದಲೇ ಮಿತಿ ಮುಗಿದಿರುತ್ತದೆ.

ಹಾಗಾದರೆ ದೊಡ್ಡದನ್ನು ತರಿಸಬಹುದಲ್ಲ ಎಂದು ತೋಚುವುದು ಸಹಜ. ವಾಸ್ತವದಲ್ಲಿ ಭಾರದ ಕಸಕ್ಕೆ ದೊಡ್ಡ ಡಂಪ್‌ಸ್ಟರ್ ತರಿಸಬಾರದು. 20 ಗಜದ್ದನ್ನು ಒಡೆದ ಇಟ್ಟಿಗೆಯಿಂದ ಅಂಚಿನವರೆಗೆ ತುಂಬಿದರೆ ಒಳಗಿರುವ ಸಾಮಾನಿನ ತೂಕವೇ ಸುಮಾರು 19 ಟನ್ ಆಗುತ್ತದೆ. ಅಷ್ಟನ್ನು ಹೊತ್ತು ರಸ್ತೆಯ ತೂಕದ ಮಿತಿಯೊಳಗೆ ಸಾಗುವುದು ಸಾಮಾನ್ಯ ಲಾರಿಗೆ ಕಷ್ಟ. ಆದುದರಿಂದಲೇ ಕಾಂಕ್ರೀಟ್, ಇಟ್ಟಿಗೆ, ಮಣ್ಣು, ಕಲ್ಲುಗಳಿಗೆಂದು ಬಹಳಷ್ಟು ಕಡೆ 10 ಗಜದ ಅಥವಾ ಅದಕ್ಕಿಂತ ಚಿಕ್ಕ ಡಂಪ್‌ಸ್ಟರ್‌ಗಳನ್ನೇ ಪ್ರತ್ಯೇಕ ದರದಲ್ಲಿ ಕೊಡುತ್ತಾರೆ, ಕೆಲವೊಮ್ಮೆ ಒಳಬದಿಯಲ್ಲಿ ಗೆರೆ ಎಳೆದು ಇಲ್ಲಿಯವರೆಗೆ ಮಾತ್ರ ತುಂಬಿ ಎನ್ನುತ್ತಾರೆ. ಕಾಂಕ್ರೀಟಿನ ನೆಲಗಟ್ಟು ಇಟ್ಟಿಗೆಗಿಂತಲೂ ಭಾರ: 20 ಅಡಿಗೆ 10 ಅಡಿ, 4 ಅಂಗುಲ ದಪ್ಪದ ಒಂದು ಹಾಸನ್ನು ಒಡೆದರೆ ಬರುವ ಚೂರುಗಳು ನಾಲ್ಕು ಘನ ಗಜದೊಳಗೆ ಹಿಡಿಯುತ್ತವೆ, ತೂಕ ಮಾತ್ರ ನಾಲ್ಕೂವರೆ ಟನ್. ಹಗುರವಾದ ಕಸಕ್ಕೆ ದೊಡ್ಡದು, ಭಾರವಾದ ಕಸಕ್ಕೆ ಚಿಕ್ಕದು ಎಂಬ ಈ ನಿಯಮ ಮೊದಲ ಸಲ ಕೇಳಿದವರಿಗೆ ತಿರುವುಮುರುವಾಗಿ ಕಾಣುತ್ತದೆ. ತೂಕದ ಅಂಕಿಗಳನ್ನು ಒಮ್ಮೆ ತಾವೇ ಬರೆದು ನೋಡಿದವರಿಗೆ ಅದರಲ್ಲಿ ಅನುಮಾನ ಉಳಿಯುವುದಿಲ್ಲ.

ಟನ್ ಎಂಬ ಮಾತನ್ನೂ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಅಮೆರಿಕದ ಟನ್ 2,000 ಪೌಂಡ್, ಅಂದರೆ ಸುಮಾರು 907 ಕಿಲೋ. ಮೆಟ್ರಿಕ್ ಟನ್ 1,000 ಕಿಲೋ. ಒಂದೆರಡು ಟನ್‌ಗಳಲ್ಲಿ ಈ ವ್ಯತ್ಯಾಸ ದೊಡ್ಡದಲ್ಲ, ಐದಾರು ಟನ್‌ಗಳಾದಾಗ ಅದು ಅರ್ಧ ಟನ್ನಿನ ಮಟ್ಟಕ್ಕೆ ಬರುತ್ತದೆ.

ಇದೇ ಲೆಕ್ಕವನ್ನು ಬಚ್ಚಲುಮನೆಗೆ ಹಚ್ಚಿ ನೋಡಬಹುದು. 8 ಅಡಿಗೆ 6 ಅಡಿಯ ಕೋಣೆ, ಏಳು ಅಡಿ ಎತ್ತರದವರೆಗೆ ಗೋಡೆಗೆ ಟೈಲ್ಸ್. ನೆಲವೂ ಗೋಡೆಯೂ ಸೇರಿ, ಬಾಗಿಲಿನ ಜಾಗ ಕಳೆದು, ಸುಮಾರು 220 ಚದರ ಅಡಿ. ಟೈಲ್ಸ್ ಮತ್ತು ಅದರ ಹಿಂದಿನ ಗಾರೆ ಕೂಡಿ ಒಂದು ಅಂಗುಲ ದಪ್ಪ ಎಂದರೆ ಒಡೆದ ಮೇಲೆ ಅದು ಒಂದು ಘನ ಗಜದಷ್ಟೇ ಆಗುತ್ತದೆ. ಕಮೋಡು, ಕೈತೊಳೆಯುವ ಬೇಸಿನ್, ಹಳೆಯ ಬಾಗಿಲು, ಸಣ್ಣ ಕಪಾಟು ಸೇರಿದರೂ ಒಟ್ಟು ಮೂರು ಗಜ ದಾಟುವುದು ಅಪರೂಪ. ಆದರೆ ಆ ಒಂದು ಗಜದ ಟೈಲ್ಸ್ ಮತ್ತು ಗಾರೆಯ ಚೂರೇ ಸುಮಾರು ಒಂದು ಟನ್. ಗಾರೆ ಎರಡು ಅಂಗುಲ ದಪ್ಪ ಇದ್ದರೆ ಎರಡು ಟನ್. ಇಂತಹ ಕೆಲಸಕ್ಕೆ ಸಿಗುವುದರಲ್ಲಿ ಅತಿ ಚಿಕ್ಕದೇ ಸಾಕು, ಮತ್ತು ಗಾರೆಯ ದಪ್ಪವನ್ನು ತಿಳಿಯಲು ಒಂದು ಮೂಲೆಯ ಟೈಲ್ ಅನ್ನು ಮೊದಲೇ ಎಬ್ಬಿಸಿ ನೋಡುವುದು ಯಾವ ಪಟ್ಟಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಛಾವಣಿಗೆ ಆಸ್ಫಾಲ್ಟ್ ಶಿಂಗಲ್ (ಡಾಂಬರು ಲೇಪಿಸಿದ ಹಾಳೆಯ ಹೆಂಚು) ಹೊದಿಸುವ ಕಡೆಗಳಲ್ಲೂ ತೂಕವೇ ಮುಖ್ಯ. ಸಾಧಾರಣ ಶಿಂಗಲ್ ನೂರು ಚದರ ಅಡಿಗೆ 200ರಿಂದ 250 ಪೌಂಡ್ ತೂಗುತ್ತದೆ, ದಪ್ಪನೆಯ ಬಗೆಯವು ಇನ್ನೂ ಹೆಚ್ಚು. 2,000 ಚದರ ಅಡಿಯ ಛಾವಣಿಯಲ್ಲಿ ಒಂದೇ ಪದರ ಇದ್ದರೆ ಎರಡು ಟನ್ನಿಗೂ ಮೇಲೆ. ಹಳೆಯದರ ಮೇಲೆಯೇ ಹೊಸದನ್ನು ಹೊಡೆದು ಎರಡು ಪದರ ಮಾಡಿದ್ದರೆ ಅದರ ಎರಡು ಪಟ್ಟು. ಎಷ್ಟು ಪದರ ಇವೆ ಎಂಬುದನ್ನು ಸೂರಿನ ಅಂಚಿನಲ್ಲಿ ಎಣಿಸಿ ನೋಡದೆ ಗಾತ್ರ ಹೇಳುವುದು ವ್ಯರ್ಥ.

ಇದಕ್ಕೆ ಪೂರ್ತಿ ವಿರುದ್ಧವಾದ ಕೆಲಸವೆಂದರೆ ವರ್ಷಗಳಿಂದ ತುಂಬಿಕೊಂಡಿರುವ ಅಟ್ಟವನ್ನೋ ಉಗ್ರಾಣವನ್ನೋ ಖಾಲಿ ಮಾಡುವುದು. ಅಲ್ಲಿ ತೂಕ ಮಿತಿಯ ಹತ್ತಿರವೂ ಬರುವುದಿಲ್ಲ, ಜಾಗ ಮಾತ್ರ ನೋಡನೋಡುತ್ತಿದ್ದಂತೆ ಮುಗಿಯುತ್ತದೆ. ಏಳು ಅಡಿ ಉದ್ದದ, ಮೂರು ಅಡಿ ಆಳದ, ಮೂರು ಅಡಿ ಎತ್ತರದ ಒಂದು ಸೋಫಾ 63 ಘನ ಅಡಿ, ಅಂದರೆ ಎರಡೂಕಾಲು ಘನ ಗಜದಷ್ಟು ಜಾಗ ಕಬಳಿಸುತ್ತದೆ. ಇಬ್ಬರು ಮಲಗುವ ಹಾಸಿಗೆಯೊಂದಕ್ಕೆ ಒಂದು ಗಜದಷ್ಟು ಬೇಕು. ಕಪಾಟನ್ನು ಬಿಚ್ಚಬಹುದು, ಸೋಫಾವನ್ನು ಬಿಚ್ಚುವುದು ಸುಲಭವಲ್ಲ. ಇದಲ್ಲದೆ ಇಂತಹ ಕೆಲಸದಲ್ಲಿ ‘ಇದನ್ನು ಇಟ್ಟುಕೊಳ್ಳೋಣ’ ಎಂದು ಮೊದಲ ದಿನ ಪಕ್ಕಕ್ಕಿಟ್ಟ ಸಾಮಾನುಗಳಲ್ಲಿ ಎಷ್ಟೋ ಮೂರನೆಯ ದಿನ ಡಂಪ್‌ಸ್ಟರಿಗೇ ಹೋಗುತ್ತವೆ. ಆದ್ದರಿಂದ ಮನೆ ಖಾಲಿ ಮಾಡುವವರಿಗೆ ನಾನು ಯಾವಾಗಲೂ ಲೆಕ್ಕಕ್ಕೆ ಬಂದ ಗಾತ್ರಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನೇ ಹೇಳುತ್ತೇನೆ. ಸಾಮಾನ್ಯವಾಗಿ ಒಂದು ಗಾತ್ರದಿಂದ ಮುಂದಿನ ಗಾತ್ರಕ್ಕೆ ಏರುವ ಬಾಡಿಗೆ, ಮತ್ತೊಮ್ಮೆ ಲಾರಿ ಬಂದು ಹೋಗುವ ಖರ್ಚಿಗಿಂತ ಕಡಿಮೆ ಇರುತ್ತದೆ.

ತೋಟದ ಕೆಲಸದಲ್ಲಿ ಮಣ್ಣನ್ನೂ ಸೊಪ್ಪುಸದೆಯನ್ನೂ ಬೇರೆ ಬೇರೆ ಎಣಿಸಬೇಕು. ಕಡಿದ ಕೊಂಬೆಗಳು ಜಾಗ ತಿನ್ನುತ್ತವೆ, ಅವನ್ನು ಗೇಣುದ್ದಕ್ಕೆ ಕತ್ತರಿಸಿದರೆ ರಾಶಿ ಕುಗ್ಗುತ್ತದೆ. ಮಣ್ಣು ಕುಗ್ಗುವುದಿಲ್ಲ, ಒದ್ದೆಯಾದರೆ ಇನ್ನೂ ಭಾರವಾಗುತ್ತದೆ. ಮಳೆಯ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲವಾದ್ದರಿಂದ ಅದರ ಅಂಕಿಯನ್ನೂ ಹೇಳಿಬಿಡುತ್ತೇನೆ. 22 ಅಡಿ ಉದ್ದ, ಏಳೂವರೆ ಅಡಿ ಅಗಲದ ತೆರೆದ ಡಂಪ್‌ಸ್ಟರ್ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದರೊಳಗೆ ಸುಮಾರು 390 ಲೀಟರ್ ನೀರು ಸೇರುತ್ತದೆ. ಹಿಂಬಾಗಿಲಿನ ಸಂದಿನಿಂದ ಸ್ವಲ್ಪ ಹರಿದುಹೋಗಬಹುದು. ಆದರೆ ಒಳಗೆ ಕಾರ್ಪೆಟ್, ಹಾಸಿಗೆ, ಜಿಪ್ಸಮ್ ಹಲಗೆ, ಮಣ್ಣು ಇದ್ದರೆ ಅವು ಆ ನೀರನ್ನು ಹೀರಿ ಹಿಡಿದುಕೊಳ್ಳುತ್ತವೆ, ಮತ್ತು ವೇಬ್ರಿಡ್ಜ್ ಮೇಲೆ ಆ ನೀರಿಗೂ ನಾವೇ ಹಣ ಕೊಡಬೇಕಾಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಒಂದು ಟಾರ್ಪಾಲಿನ್ ಹೊದಿಸಿ ಬಿಗಿಯಾಗಿ ಕಟ್ಟುವುದು ಈ ಎಲ್ಲ ಲೆಕ್ಕಗಳಷ್ಟೇ ಮುಖ್ಯ.

ಯಾವುದನ್ನು ಹಾಕಬಾರದು ಎಂಬುದರಿಂದಲೂ ಗಾತ್ರ ಬದಲಾಗುತ್ತದೆ. ದ್ರವ ಬಣ್ಣ, ಬ್ಯಾಟರಿ, ಗ್ಯಾಸ್ ಸಿಲಿಂಡರ್, ಟೈರ್, ಪಾದರಸವಿರುವ ಟ್ಯೂಬ್‌ಲೈಟ್, ಒಳಗೆ ಶೀತಕ ಅನಿಲವಿರುವ ಫ್ರಿಜ್ ಮತ್ತು ಏಸಿ, ಇವುಗಳನ್ನು ಸಾಮಾನ್ಯ ಡಂಪ್‌ಸ್ಟರ್‌ಗಳಿಗೆ ಬಹುತೇಕ ಎಲ್ಲಿಯೂ ಸೇರಿಸಿಕೊಳ್ಳುವುದಿಲ್ಲ. ಹಳೆಯ ಮನೆಗಳ ಛಾವಣಿ ಹಾಳೆ, ಕೊಳವೆಯ ಹೊದಿಕೆ, ನೆಲದ ಅಂಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದ್ದರೆ ಒಡೆಯುವುದಕ್ಕೆ ಮೊದಲೇ ಪರೀಕ್ಷೆ ಮಾಡಿಸಬೇಕು. ಅದರ ಸಾಗಣೆಯ ದಾರಿಯೇ ಬೇರೆ. ಜಿಪ್ಸಮ್ ಹಲಗೆಯನ್ನು ಪ್ರತ್ಯೇಕವಾಗಿ ಕೇಳುವ ಕಡೆಗಳೂ ಇವೆ, ಏಕೆಂದರೆ ಕೊಳೆಯುವ ಕಸದೊಡನೆ ನೆಲದಡಿ ಸೇರಿದರೆ ಅದರೊಳಗಿನ ಸಲ್ಫೇಟ್‌ನಿಂದ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹುಟ್ಟಿಸುತ್ತವೆ. ಇವೆಲ್ಲವನ್ನೂ ಪಟ್ಟಿಯಿಂದ ಕಳೆದ ಮೇಲೆ ಉಳಿಯುವುದಕ್ಕೆ ಮಾತ್ರ ಡಂಪ್‌ಸ್ಟರ್ ಬೇಕು. ಬರಿಯ ಕಾಂಕ್ರೀಟ್ ಅಥವಾ ಬರಿಯ ಇಟ್ಟಿಗೆ ತುಂಬಿದ್ದನ್ನು ಅರೆದು ಮತ್ತೆ ಬಳಸಬಹುದಾದ್ದರಿಂದ ಅದಕ್ಕೆ ಕೆಲವೆಡೆ ದರವೂ ಕಡಿಮೆ. ಅದರೊಳಗೆ ಒಂದಿಷ್ಟು ಮರ, ಪ್ಲಾಸ್ಟಿಕ್ ಬಿದ್ದರೂ ಇಡೀ ಹೊರೆ ಮಿಶ್ರ ಕಸವೆಂದೇ ಎಣಿಕೆಯಾಗಬಹುದು. ಗೋಡೆ ಕೆಡವುವ ಕೆಲಸವೂ ಕಪಾಟು ಬದಲಿಸುವ ಕೆಲಸವೂ ಒಟ್ಟಿಗೆ ಇದ್ದರೆ, ಎಲ್ಲವನ್ನೂ ಒಂದು ದೊಡ್ಡದಕ್ಕೆ ಸುರಿಯುವ ಬದಲು ಭಾರದ ಕಸಕ್ಕೆ ಮೊದಲು ಒಂದು ಚಿಕ್ಕದನ್ನು ತರಿಸಿ, ಅದು ಹೋದ ಮೇಲೆ ಹಗುರ ಸಾಮಾನಿಗೆ ಇನ್ನೊಂದನ್ನು ತರಿಸುವುದೇ ಸರಿ ಎಂದು ನಾನು ನಂಬಿದ್ದೇನೆ. ಕೆಲಸಗಾರರಿಗೂ ಹಾಗೆ ಹಂತಹಂತವಾಗಿ ಸಾಗುವುದು ಅನುಕೂಲ, ಅಂಗಳದಲ್ಲಿ ಓಡಾಡಲು ಜಾಗವೂ ಉಳಿಯುತ್ತದೆ.

ಗಾತ್ರದ ಮಾತಿನಲ್ಲಿ ಡಂಪ್‌ಸ್ಟರ್‌ನ ಗೋಡೆಯ ಎತ್ತರದ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ ಎಂಬುದು ನನ್ನ ಬಹುದಿನದ ಕೊರಗು. ತಯಾರಕರಿಂದ ತಯಾರಕರಿಗೆ ಅಳತೆ ಸ್ವಲ್ಪ ಬದಲಾದರೂ, 20, 30, 40 ಗಜದ ಡಂಪ್‌ಸ್ಟರ್‌ಗಳು ನೆಲದ ಮೇಲೆ ಹಿಡಿಯುವ ಜಾಗ ಬಹುಮಟ್ಟಿಗೆ ಒಂದೇ, ಸುಮಾರು 22 ಅಡಿ ಉದ್ದ, ಏಳೆಂಟು ಅಡಿ ಅಗಲ. ಬದಲಾಗುವುದು ಎತ್ತರ ಮಾತ್ರ. 20 ಗಜದ್ದರ ಗೋಡೆ ನಾಲ್ಕರಿಂದ ನಾಲ್ಕೂವರೆ ಅಡಿ, 30 ಗಜದ್ದು ಆರಡಿ, 40 ಗಜದ್ದು ಎಂಟಡಿ. ನಾಲ್ಕಡಿಯ ಅಂಚಿನ ಮೇಲಿಂದ ಬುಟ್ಟಿ ಸುರಿಯಬಹುದು. ಆರಡಿಯ ಮೇಲಿಂದ ಟೈಲ್ಸ್ ತುಂಬಿದ ಬುಟ್ಟಿಯನ್ನು ದಿನವಿಡೀ ಎತ್ತಿ ಸುರಿಯುವುದು ಭುಜಕ್ಕೂ ಸೊಂಟಕ್ಕೂ ದೊಡ್ಡ ಶಿಕ್ಷೆ, ಅಪಾಯ ಕೂಡ. ಹಿಂಬದಿಯ ಬಾಗಿಲನ್ನು ತೆರೆದು ನಡೆದುಕೊಂಡೇ ಒಳಗೆ ಹೋಗಿ ಇಡಬಹುದು ಎಂಬುದು ನಿಜ. ಆದರೆ ಒಳಗಿನ ಅರ್ಧ ತುಂಬಿದ ಮೇಲೆ ಆ ಬಾಗಿಲನ್ನು ಮುಚ್ಚಲೇಬೇಕು, ಉಳಿದರ್ಧವನ್ನು ಮೇಲಿನಿಂದಲೇ ಹಾಕಬೇಕು. ವಯಸ್ಸಾದವರು ಅಥವಾ ಒಬ್ಬಿಬ್ಬರೇ ಕೆಲಸ ಮಾಡುವ ಮನೆಯಲ್ಲಿ 30 ಗಜದ ಒಂದಕ್ಕಿಂತ 15 ಗಜದ ಎರಡು ಬಾರಿಯ ಬಾಡಿಗೆ ಸ್ವಲ್ಪ ದುಬಾರಿಯಾದರೂ ಅದನ್ನೇ ಆರಿಸಲು ನಾನು ಹಿಂಜರಿಯುವುದಿಲ್ಲ. ತುಂಬುವ ಕ್ರಮವೂ ಇದರೊಡನೆ ಸೇರಿದ್ದೇ: ಭಾರವಾದದ್ದನ್ನು ಬಾಗಿಲಿನಿಂದ ಒಯ್ದು ತಳದಲ್ಲಿ ಎಲ್ಲ ಕಡೆ ಸಮನಾಗಿ ಹರಡಬೇಕು, ಹಲಗೆಗಳನ್ನು ಮಟ್ಟವಾಗಿ ಹಾಸಬೇಕು, ಪೊಳ್ಳು ಸಾಮಾನಿನ ಒಳಗೆ ಚಿಕ್ಕ ಕಸ ತುಂಬಬೇಕು, ಉಬ್ಬಿಕೊಂಡಿರುವ ಹಗುರ ವಸ್ತುಗಳನ್ನು ಮೇಲೆ ಇಡಬೇಕು. ಭಾರವೆಲ್ಲ ಒಂದು ತುದಿಗೆ ಬಿದ್ದರೆ ಲಾರಿಗೆ ಎಳೆಯುವಾಗ ಡಂಪ್‌ಸ್ಟರ್ ಓಲಾಡುತ್ತದೆ.

ಇಡುವ ಜಾಗದ ಬಗ್ಗೆ ಕೆಲವೇ ಮಾತು. ಡಂಪ್‌ಸ್ಟರ್ ಕೂರುವಷ್ಟು ಜಾಗ ಇದ್ದರೆ ಸಾಲದು, ಅದನ್ನು ಇಳಿಸುವ ಲಾರಿಗೆ ಮುಂದೆ ನೇರವಾಗಿ ಸುಮಾರು 60 ಅಡಿ ಬೇಕಾಗುತ್ತದೆ, ಮತ್ತು ಡಂಪ್‌ಸ್ಟರ್ ವಾಲಿ ಮೇಲೇಳುವಾಗ ತಗಲುವಂತೆ ವಿದ್ಯುತ್ ತಂತಿಯಾಗಲಿ ಮರದ ಕೊಂಬೆಯಾಗಲಿ ಇರಬಾರದು. ಹಿಂಬಾಗಿಲು ಪೂರ್ತಿ ತೆರೆದುಕೊಳ್ಳಲು ಇನ್ನೊಂದಿಷ್ಟು ಅಡಿ ಬಿಡಬೇಕು. ಅಂಗಳದ ಹಾಸು ಬಿರುಕು ಬಿಡದಂತೆ ಡಂಪ್‌ಸ್ಟರ್‌ನ ಚಕ್ರಗಳ ಕೆಳಗೆ ದಪ್ಪನೆಯ ಹಲಗೆ ಹಾಕಿಸಬೇಕು. ಸಾರ್ವಜನಿಕ ರಸ್ತೆಯ ಬದಿಯಲ್ಲಿ ಇಡುವುದಾದರೆ ಸ್ಥಳೀಯ ಆಡಳಿತದ ಅನುಮತಿ ಬೇಕಾಗಬಹುದಾದ್ದರಿಂದ ಅದನ್ನು ಮೊದಲೇ ವಿಚಾರಿಸಬೇಕು. ಲೆಕ್ಕದ ಪ್ರಕಾರ 20 ಗಜದ್ದು ಬೇಕಾಗಿದ್ದು, ಅಂಗಳದಲ್ಲಿ 10 ಗಜದ್ದು ಮಾತ್ರ ಹಿಡಿಯುವುದಾದರೆ ಅಲ್ಲಿಗೆ ಚರ್ಚೆ ಮುಗಿಯಿತು. ಎರಡು ಬಾರಿ ತರಿಸುವುದೊಂದೇ ದಾರಿ.

ಇಷ್ಟೆಲ್ಲ ಅಂಕಿಗಳನ್ನು ಕೈಯಲ್ಲಿ ಹಿಡಿದು ಫೋನ್ ಮಾಡಿದರೆ ಮಾತುಕತೆಯೇ ಬೇರೆ ರೀತಿ ನಡೆಯುತ್ತದೆ. ‘ನನ್ನಲ್ಲಿ ಸುಮಾರು ಆರು ಘನ ಗಜ ಒಡೆದ ಇಟ್ಟಿಗೆ ಇದೆ, ತೂಕ ಆರು ಟನ್ ಆಗಬಹುದು, ಇದಲ್ಲದೆ ಎಂಟು ಗಜದಷ್ಟು ಮರ ಮತ್ತು ಹಲಗೆ ಇದೆ’ ಎಂದು ಹೇಳಿದವರಿಗೆ ಎದುರಿನವರು ಸರಿಯಾದ ಉತ್ತರ ಕೊಡಬಲ್ಲರು. ಬಾಡಿಗೆಯಲ್ಲಿ ಎಷ್ಟು ಟನ್ ಸೇರಿದೆ, ಮೀರಿದರೆ ಯಾವ ದರ, ಆ ಡಂಪ್‌ಸ್ಟರ್ ಹೊರಬಹುದಾದ ಗರಿಷ್ಠ ತೂಕ ಎಷ್ಟು, ಎಷ್ಟು ದಿನಗಳವರೆಗೆ ಇಟ್ಟುಕೊಳ್ಳಬಹುದು, ದಿನ ಹೆಚ್ಚಾದರೆ ಏನು ಎಂಬುದನ್ನು ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ಒಳಗಿನ ಉದ್ದ, ಅಗಲ, ಎತ್ತರವನ್ನೂ ಕೇಳಿ ಗುಣಿಸಿ ನೋಡುವುದು ಒಳ್ಳೆಯದು, ಏಕೆಂದರೆ ಒಂದೇ ಅಂಕಿಯ ಹೆಸರಿನಲ್ಲಿ ಬರುವ ಡಂಪ್‌ಸ್ಟರ್‌ಗಳ ಆಕಾರ ಒಂದೇ ಆಗಿರುವುದಿಲ್ಲ.

ಎಷ್ಟು ಎಚ್ಚರದಿಂದ ಲೆಕ್ಕ ಹಾಕಿದರೂ ಗೋಡೆಯ ಹಿಂದೆ ಇನ್ನೊಂದು ಗೋಡೆ, ಕಾರ್ಪೆಟ್ ಕೆಳಗೆ ಹಳೆಯ ನೆಲ ಸಿಗುವುದುಂಟು. ಆದ್ದರಿಂದ ಡಂಪ್‌ಸ್ಟರ್ ಮುಕ್ಕಾಲು ಭಾಗ ತುಂಬಿದಾಗ ಕೆಲಸವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮನೆಯೊಳಗೆ ಇನ್ನೂ ಹೊರಬರಬೇಕಾಗಿರುವುದನ್ನು ಟೇಪು ಹಿಡಿದು ಮತ್ತೆ ಅಳೆಯಬೇಕು. ಉಳಿದ ಕಾಲು ಭಾಗದಲ್ಲಿ ಅದು ಹಿಡಿಯುವುದಿಲ್ಲವೆಂದು ಕಂಡರೆ ಅಂದೇ ಫೋನ್ ಮಾಡಿ, ತುಂಬಿದ್ದನ್ನು ಒಯ್ದು ಖಾಲಿಯದನ್ನು ಇಡುವಂತೆ ದಿನ ಗೊತ್ತುಮಾಡಿಕೊಳ್ಳಬೇಕು. ಅಂಚಿನವರೆಗೆ ತುಂಬಿದ ಮೇಲೆ ಫೋನ್ ಮಾಡಿದರೆ ಲಾರಿ ಬಿಡುವಾಗುವವರೆಗೆ ಒಡೆಯುವ ಕೆಲಸ ನಿಂತುಹೋಗುತ್ತದೆ, ಕೆಲಸಗಾರರಿಗೆ ಆ ದಿನದ ಕೂಲಿಯನ್ನು ಹೇಗೂ ಕೊಡಬೇಕಾಗುತ್ತದೆ.